ಮಕ್ಕಳ ಕೋಣೆಯ ಗೋಡೆಗೆ ಬೂಷ್ಟು ಬಂದರೆ: ಮಳೆಗಾಲದಲ್ಲಿ ಮಾಡುವ ಕೆಲಸ, ಮಳೆ ಮುಗಿದ ಮೇಲೆ ಮಾಡುವ ಕೆಲಸ

ಆಷಾಢದ ಮಳೆ ಹಿಡಿದು ಎರಡು ವಾರವಾದರೆ ಸಾಕು, ಕಾರವಾರದಿಂದ ಭಟ್ಕಳದವರೆಗೆ ಎಲ್ಲರ ಮನೆಯಲ್ಲೂ ಒಂದೇ ಕಥೆ. ಬೆಲ್ಟಿಗೆ ಬೂಷ್ಟು, ಚಪ್ಪಲಿಗೆ ಬೂಷ್ಟು, ಬೀರುವಿನಲ್ಲಿಟ್ಟ ರೇಷ್ಮೆ ಸೀರೆಗೂ ಅದೇ ವಾಸನೆ. ಘಟ್ಟದ ಮೇಲೆ ಶಿರಸಿ, ಸಿದ್ದಾಪುರದಲ್ಲೂ ಬೇರೆಯಲ್ಲ. ಒರೆಸುತ್ತೇವೆ, ಬಿಸಿಲು ಕಂಡ ದಿನ ಅಂಗಳಕ್ಕಿಡುತ್ತೇವೆ, ಮರೆಯುತ್ತೇವೆ. ಬೆಲ್ಟಿಗೆ ಅಷ್ಟು ಸಾಕು. ಮಗು ಮಲಗುವ ಕೋಣೆಯ ಗೋಡೆಗೆ ಸಾಲದು. ಮಕ್ಕಳು ಆ ಕೋಣೆಯಲ್ಲಿ ರಾತ್ರಿ ಒಂಬತ್ತು ಹತ್ತು ತಾಸು ಇರುತ್ತಾರೆ. ದೊಡ್ಡವರಿಗಿಂತ ಬೇಗ ಬೇಗ ಉಸಿರಾಡುತ್ತಾರೆ. ಗೋಡೆಯ ಮೇಲಿನ ಕಣ್ಣಿಗೆ ಕಾಣದ ಪುಡಿ ಅವರ ಮೂಗಿಗೇ ಹೋಗುತ್ತದೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಬೂಷ್ಟು ಗೋಡೆಯ ರೋಗ ಅಲ್ಲ, ನೀರಿನ ತೊಂದರೆ. ನೀರು ಎಲ್ಲಿಂದ ಬರುತ್ತಿದೆ ಅಂತ ಗೊತ್ತಾಗದೆ ಎಷ್ಟು ಸಲ ಉಜ್ಜಿದರೂ, ಎಷ್ಟು ದುಬಾರಿ ಬಣ್ಣ ಬಳಿದರೂ ಅದು ವಾಪಸ್ ಬರುತ್ತದೆ. ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಇನ್ನೊಂದು ತೊಡಕಿದೆ. ಗೋಡೆ ಪೂರ್ತಿ ಒಣಗುವ ಕಾಲ ಬರುವುದೇ ದೀಪಾವಳಿ ಕಳೆದ ಮೇಲೆ. ಹಾಗಾಗಿ ಕೆಲಸವನ್ನು ಎರಡು ಪಾಲು ಮಾಡಿಕೊಳ್ಳಿ. ಮಳೆಗಾಲದಲ್ಲಿ ಮಗುವನ್ನು ಕಾಪಾಡುವುದು, ಬೂಷ್ಟು ಹಬ್ಬದಂತೆ ತಡೆಯುವುದು. ರಿಪೇರಿ ಏನಿದ್ದರೂ ನಂತರ.

ಮೊದಲು ಮಗುವಿನ ಹಾಸಿಗೆ ಬೇರೆ ಕಡೆ

ಬಕೆಟ್ಟು, ಬಟ್ಟೆ ಹುಡುಕುವ ಮೊದಲು ಮಗುವನ್ನು ಇನ್ನೊಂದು ಕೋಣೆಯಲ್ಲಿ ಮಲಗಿಸಿ. ಜಾಗ ಇಲ್ಲ ಅಂದರೆ ಜಗಲಿ ಪಕ್ಕದ ಹಾಲ್ ಆದರೂ ಸರಿ. ಒರೆಸುವ ದಿನ ಮಗು ಮನೆಯಲ್ಲೇ ಇಲ್ಲದಿದ್ದರೆ ಇನ್ನೂ ಒಳ್ಳೆಯದು. ಅಜ್ಜಿ ಮನೆಗೆ ಕಳಿಸಲು ಇದಕ್ಕಿಂತ ಒಳ್ಳೆಯ ನೆವ ಬೇಕಾ? ಕೋಣೆ ಒರೆಸಿ, ಒಣಗಿ, ವಾಸನೆ ಹೋಗುವವರೆಗೆ ಅಲ್ಲಿ ಮಲಗಿಸಬೇಡಿ. ಮನೆಯಲ್ಲಿ ಅಸ್ತಮಾ ಇರುವವರು, ಗರ್ಭಿಣಿಯರು, ಕ್ಯಾನ್ಸರ್ ಚಿಕಿತ್ಸೆಯಲ್ಲಿ ಇರುವವರು ಇದ್ದರೆ ಅವರೂ ಈ ಕೆಲಸಕ್ಕೆ ಕೈ ಹಾಕುವುದು ಬೇಡ.

ಇಲ್ಲೇ ಒಂದು ಹೆದರಿಕೆ ಬಿಡಿಸಬೇಕು. 2021ರಲ್ಲಿ ಕೊರೊನಾ ಎರಡನೇ ಅಲೆಯ ಹೊತ್ತಿಗೆ ಸುದ್ದಿಯಾದ ‘ಬ್ಲ್ಯಾಕ್ ಫಂಗಸ್’ ಬೇರೆ, ನಿಮ್ಮ ಗೋಡೆಯ ಕಪ್ಪು ಚುಕ್ಕೆ ಬೇರೆ. ಆ ಕಾಯಿಲೆ ಹೆಚ್ಚಾಗಿ ಕಾಡಿದ್ದು ಸಕ್ಕರೆ ಕಾಯಿಲೆ ಹಿಡಿತದಲ್ಲಿಲ್ಲದವರನ್ನು, ಜಾಸ್ತಿ ಸ್ಟಿರಾಯ್ಡ್ ತೆಗೆದುಕೊಂಡವರನ್ನು. ಗೋಡೆಯ ಬೂಷ್ಟಿನಿಂದ ಸಾಮಾನ್ಯವಾಗಿ ಆಗುವುದು ಸೀನು, ಮೂಗು ಕಟ್ಟುವುದು, ಕಣ್ಣು ತುರಿಕೆ, ಕೆಮ್ಮು. ಅಸ್ತಮಾ ಇರುವ ಮಕ್ಕಳಿಗೆ ಉಬ್ಬಸ ಜೋರಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲೇ ಮನೆಯೊಳಗಿನ ತೇವ ಮತ್ತು ಬೂಷ್ಟಿನ ಬಗ್ಗೆ ಮಾರ್ಗಸೂಚಿ ತಂದಿದೆ. ಕಪ್ಪು, ಹಸಿರು, ಬಿಳಿ ಅಂತ ಬಣ್ಣ ನೋಡಿ ಅಪಾಯ ಅಳೆಯಲು ಬರುವುದಿಲ್ಲ. ಲ್ಯಾಬಿಗೆ ಕಳಿಸಿ ಯಾವ ಜಾತಿ ಅಂತ ತಿಳಿದುಕೊಳ್ಳುವ ಖರ್ಚೂ ಬೇಡ. ಯಾವುದೇ ಇರಲಿ, ಮಾಡುವ ಕೆಲಸ ಒಂದೇ.

ಎಲ್ಲಿ ಹುಡುಕಬೇಕು

ಕಣ್ಣಿಗಿಂತ ಮೂಗು ಮುಂದೆ. ಬಾಗಿಲು ಒಂದು ರಾತ್ರಿ ಮುಚ್ಚಿಟ್ಟು ಬೆಳಿಗ್ಗೆ ತೆರೆದರೆ ಹಳೇ ಗೋಣಿಚೀಲದ ವಾಸನೆ ಬಂದರೆ ಬೂಷ್ಟು ಎಲ್ಲೋ ಇದೆ.

ಮೊದಲು ಪಶ್ಚಿಮದ ಗೋಡೆ ನೋಡಿ. ನಮ್ಮಲ್ಲಿ ಮಳೆ ಸಮುದ್ರದ ಕಡೆಯಿಂದ, ಗಾಳಿಯ ಜೊತೆ ಅಡ್ಡಡ್ಡ ಬಡಿಯುತ್ತದೆ. ಆ ಗೋಡೆಗೆ ತಾಗಿಸಿ ಬೀರು ಇಟ್ಟಿದ್ದರೆ ಅದನ್ನು ಎಳೆದು ಹಿಂದೆ ಟಾರ್ಚ್ ಹಾಕಿ. ಸುತ್ತಲಿನ ಬಣ್ಣ ಚೆನ್ನಾಗೇ ಇರುತ್ತದೆ. ಬೀರು ನಿಂತಿದ್ದಷ್ಟು ಜಾಗ ಮಾತ್ರ ಅಚ್ಚು ಒತ್ತಿದ ಹಾಗೆ ಬೂದು ಹಸಿರು. ಕೆಳಗಡೆ ಬಣ್ಣ ಗುಳ್ಳೆ ಎದ್ದಿರುತ್ತದೆ. ಬೆರಳಿನಿಂದ ಒತ್ತಿದರೆ ಗುಳ್ಳೆ ಒಡೆದು ಒಳಗಿನ ಗಾರೆ ಒದ್ದೆ ಹಿಟ್ಟಿನ ಹಾಗೆ ಉದುರುತ್ತದೆ. ಬೀರುವಿನ ಹಿಂದಿನ ಪ್ಲೈವುಡ್ ಮೇಲೂ ಅದೇ ನಕ್ಷೆ.

ಆಮೇಲೆ ಹಾಸಿಗೆ ಮಗುಚಿ ನೋಡಿ. ಮಂಚದ ಹಲಗೆ, ಕಿಟಕಿ ಪರದೆಯ ಕೆಳ ಅಂಚು, ಗೊಂಬೆ ಬುಟ್ಟಿಯ ತಳ, ಹಳೇ ಪಠ್ಯಪುಸ್ತಕದ ಕಟ್ಟು, ಮೂಲೆಗೆ ಎಸೆದ ಸ್ಕೂಲ್ ಬ್ಯಾಗು. ಸ್ನಾನದ ರಬ್ಬರ್ ಬಾತುಕೋಳಿ ಇದ್ದರೆ ಒತ್ತಿ ನೋಡಿ. ಒಳಗಿಂದ ಕಪ್ಪು ನೀರು ಬಂದರೆ ನೇರ ಕಸಕ್ಕೆ. ಏಸಿ ಇದ್ದರೆ ಫಿಲ್ಟರ್ ತೆಗೆದು ನೋಡುವುದನ್ನು ಮರೆಯಬೇಡಿ. ಹಂಚಿನ ಮನೆಯಾದರೆ ಒಡೆದ ಹಂಚಿನ ಕೆಳಗಿನ ರೀಪು, ಪಕಾಸು ಕೂಡ.

ಬಿಳಿಯಾಗಿ ಕಂಡಿದ್ದೆಲ್ಲ ಬೂಷ್ಟಲ್ಲ. ಚಿರೆಕಲ್ಲಿನ ಗೋಡೆಯಲ್ಲಿ ತೇವ ಏರಿದಾಗ, ಉಪ್ಪಿನಂಶದ ಮರಳಿನಲ್ಲಿ ಗಾರೆ ಮಾಡಿದ್ದಾಗ, ಗೋಡೆ ಬಿಳಿ ಉಪ್ಪು ಬಿಡುತ್ತದೆ. ಅದರ ಮೇಲೆ ಒಂದು ಹನಿ ನೀರು ಬಿಟ್ಟರೆ ಕರಗುತ್ತದೆ. ಬೂಷ್ಟು ಕರಗುವುದಿಲ್ಲ, ಸವರಿದರೆ ಬಳಿದುಕೊಳ್ಳುತ್ತದೆ. ಉಪ್ಪಿನಿಂದ ಮಗುವಿಗೆ ಬೂಷ್ಟಿನ ತೊಂದರೆ ಇಲ್ಲ, ಆದರೆ ಗೋಡೆಯೊಳಗೆ ನೀರಿದೆ ಅಂತ ಅದೇ ಹೇಳುತ್ತಿದೆ.

ನೀರು ಯಾವ ದಾರಿಯಿಂದ ಬಂತು

ಇಲ್ಲಿ ಆತುರ ಬೇಡ. ನಮ್ಮ ಮನೆಗಳಲ್ಲಿ ನೀರು ಬರುವ ದಾರಿ ಮುಖ್ಯವಾಗಿ ನಾಲ್ಕು.

ಮೇಲಿನಿಂದ ಸೋರುವುದು ಸುಲಭವಾಗಿ ಗೊತ್ತಾಗುತ್ತದೆ. ತಾರಸಿಯ ಬಿರುಕು, ಸರಿದ ಹಂಚು, ಅಡಿಕೆ ಎಲೆ ಕಟ್ಟಿಕೊಂಡ ಪೈಪು. ಮಳೆ ಜೋರಾದ ದಿನ ಕಲೆ ದೊಡ್ಡದಾಗುತ್ತದೆ, ಹೊಳವಾದಾಗ ನಿಲ್ಲುತ್ತದೆ. ಹೊರಗಿನಿಂದ ಗೋಡೆಗೆ ಬಡಿಯುವ ಮಳೆಯದು ಎರಡನೇ ದಾರಿ. ಕಿಟಕಿಗೆ ಸಜ್ಜಾ ಚಿಕ್ಕದಿದ್ದರೆ ಕಿಟಕಿಯ ಕೆಳಮೂಲೆಗಳಿಂದ ಶುರುವಾಗುತ್ತದೆ. ಮೂರನೆಯದು ಕೆಳಗಿನಿಂದ ಏರುವ ತೇವ. ಚಿರೆಕಲ್ಲು ತೂತು ತೂತಿನ ಕಲ್ಲು, ನೀರು ಹೀರುತ್ತದೆ. ಅಂಗಳದ ಮಣ್ಣು ಒಳಗಿನ ನೆಲಕ್ಕಿಂತ ಎತ್ತರವಾಗಿದ್ದರೆ, ಗೋಡೆ ಬುಡದ ಗಟಾರ ಕಟ್ಟಿದ್ದರೆ, ನೆಲದಿಂದ ಎರಡು ಮೂರು ಅಡಿವರೆಗೆ ಪಟ್ಟಿಯ ಹಾಗೆ ಒದ್ದೆ ಕಾಣುತ್ತದೆ.

ನಾಲ್ಕನೆಯದನ್ನು ಯಾರೂ ಒಪ್ಪುವುದಿಲ್ಲ. ಅದು ನಾವೇ ಒಳಗೆ ಮಾಡಿದ ತೇವ. ಮಳೆಗಾಲದಲ್ಲಿ ಬಟ್ಟೆ ಒಣಗಿಸುವ ಹಗ್ಗ ಎಲ್ಲಿ ಕಟ್ಟಿದ್ದೀರಿ? ಫ್ಯಾನ್ ಇದೆ ಅಂತ ಮಕ್ಕಳ ಕೋಣೆಯಲ್ಲೇ, ಅಲ್ವಾ? ಒಂದು ಬಕೆಟ್ ಹಿಂಡಿದ ಬಟ್ಟೆ ಒಣಗಿತು ಅಂದರೆ ಲೀಟರುಗಟ್ಟಲೆ ನೀರು ಆ ಕೋಣೆಯ ಗಾಳಿಗೆ ಸೇರಿತು. ತಣ್ಣಗಿರುವ ಗೋಡೆ ಕಂಡಲ್ಲಿ ಆ ನೀರು ಕೂತುಕೊಳ್ಳುತ್ತದೆ. ಏಸಿ ಹಾಕಿ ಮಧ್ಯೆ ಮಧ್ಯೆ ಕಿಟಕಿ ತೆರೆಯುವುದೂ ಅಷ್ಟೇ. ಹೊರಗಿನ ಹಸಿ ಗಾಳಿ ತಣ್ಣಗಾದ ಗೋಡೆಗೆ ತಾಗಿ ಬೆವರುತ್ತದೆ. ಕೋಣೆಗೆ ತಾಗಿದ ಬಚ್ಚಲಿದ್ದರೆ ಅದರ ಹಬೆಯನ್ನೂ ಲೆಕ್ಕಕ್ಕೆ ಹಿಡಿಯಿರಿ.

ಗೋಡೆಯೊಳಗಿನ ನೀರೋ, ಕೋಣೆಯ ಗಾಳಿಯ ನೀರೋ ಅಂತ ಅನುಮಾನವಿದ್ದರೆ ಒಂದು ಸುಲಭದ ಪರೀಕ್ಷೆ ಇದೆ. ಒಂದು ಅಡಿ ಅಗಲದ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ಇಟ್ಟು ನಾಲ್ಕೂ ಕಡೆ ಟೇಪ್ ಹಚ್ಚಿ. ಗೋಡೆ ಮುಟ್ಟಿದರೆ ಕೈಗೆ ನೀರು ತಾಗುವಂತಿದ್ದರೆ ಮೊದಲು ಒರೆಸಿಕೊಳ್ಳಿ, ಇಲ್ಲದಿದ್ದರೆ ಟೇಪ್ ನಿಲ್ಲುವುದಿಲ್ಲ. ಒಂದೆರಡು ದಿನ ಬಿಟ್ಟು ನೋಡಿ. ಹಾಳೆಯ ಹೊರಮೈ ಒದ್ದೆಯಾಗಿದ್ದರೆ ಅದು ಕೋಣೆಯ ಗಾಳಿಯ ತೇವ. ಹಾಳೆಯ ಹಿಂದೆ ಹನಿ ಕಟ್ಟಿದ್ದರೆ ಗೋಡೆಯೇ ನೀರು ಕುಡಿದಿದೆ. ಮೊದಲನೆಯದನ್ನು ಇವತ್ತೇ ಸರಿಮಾಡಬಹುದು. ಎರಡನೆಯದಕ್ಕೆ ಮಳೆ ಹೋಗಬೇಕು.

ಎಷ್ಟು ಇದ್ದರೆ ನಾವೇ ಒರೆಸಬಹುದು

ಒಟ್ಟು ಸೇರಿಸಿ ಮೂರು ಅಡಿ ಉದ್ದ, ಮೂರು ಅಡಿ ಅಗಲದ ಜಾಗಕ್ಕಿಂತ ಕಡಿಮೆ ಇದ್ದರೆ ಮನೆಯವರೇ ಮಾಡಬಹುದು. ಅದಕ್ಕಿಂತ ಜಾಸ್ತಿಯಾಗಿದ್ದರೆ, ಫಾಲ್ಸ್ ಸೀಲಿಂಗ್ ಒಳಗೆ ಹೊಕ್ಕಿದ್ದರೆ ಗೊತ್ತಿರುವ ಕೆಲಸಗಾರರನ್ನು ಕರೆಯಿರಿ, ಅಲ್ಲಿಯವರೆಗೆ ಕೋಣೆ ಮುಚ್ಚಿಡಿ. ನೆರೆ ನೀರು ನುಗ್ಗಿದ ಮನೆಯ ವಿಷಯವೇ ಬೇರೆ. 2019ರ ಆಗಸ್ಟ್‌ನಲ್ಲಿ ಕಾಳಿ ನದಿ ದಂಡೆಯ ಊರುಗಳಲ್ಲಿ ಆದ ಹಾಗೆ ಹೊಳೆ ನೀರು ಒಳಗೆ ಬಂದಿದ್ದರೆ ಆ ನೀರಿನಲ್ಲಿ ಕೊಳಚೆಯೂ ಇರುತ್ತದೆ. ನೆನೆದ ಹಾಸಿಗೆ, ದಿಂಬು ಇಟ್ಟುಕೊಳ್ಳುವ ಮಾತೇ ಇಲ್ಲ.

ಒರೆಸುವ ಕೆಲಸ

ಎನ್-95 ಮಾಸ್ಕ್ ಹಾಕಿ. ಮುಖಕ್ಕೆ ಟವೆಲ್ ಕಟ್ಟಿಕೊಂಡರೆ ಸಾಲದು, ಬೂಷ್ಟಿನ ಪುಡಿ ಅದರೊಳಗಿಂದ ನುಸುಳುತ್ತದೆ. ರಬ್ಬರ್ ಗ್ಲೌಸ್, ಕಣ್ಣಿಗೆ ಸುತ್ತ ಮುಚ್ಚುವ ಕನ್ನಡಕ, ಉದ್ದ ತೋಳಿನ ಹಳೇ ಅಂಗಿ. ಫ್ಯಾನ್ ಆರಿಸಿ. ಬಾಗಿಲು ಮುಚ್ಚಿ, ಕೆಳಗಿನ ಸಂದಿಗೆ ಒದ್ದೆ ಬಟ್ಟೆ ಇಡಿ. ಕಿಟಕಿ ತೆರೆದಿರಲಿ. ಸ್ವಿಚ್ ಬೋರ್ಡ್ ಪಕ್ಕದ ಗೋಡೆ ಒದ್ದೆಯಾಗಿದ್ದರೆ ಆ ಕೋಣೆಯ ಕರೆಂಟ್ ಮೊದಲು ತೆಗೆಯಿರಿ.

ಪೊರಕೆ ಮುಟ್ಟಬೇಡಿ. ಒಣ ಬ್ರಶ್ಶೂ ಬೇಡ. ಒಣಗಿದ ಬೂಷ್ಟನ್ನು ಗುಡಿಸಿದರೆ ಒಂದು ಗೋಡೆಯದು ನಾಲ್ಕೂ ಗೋಡೆಗೆ ಹೋಗುತ್ತದೆ. ಸಣ್ಣ ಸ್ಪ್ರೇ ಬಾಟಲಿಯಲ್ಲಿ ಸೋಪು ನೀರು ತುಂಬಿ, ಕಲೆಯ ಮೇಲೆ ತೆಳ್ಳಗೆ ಸಿಂಪಡಿಸಿ, ಅದು ಹಸಿಯಾಗಲಿ. ಎರಡು ಬಕೆಟ್ ಇಟ್ಟುಕೊಳ್ಳಿ. ಒಂದರಲ್ಲಿ ಉಗುರು ಬೆಚ್ಚಗಿನ ನೀರಿಗೆ ಬಟ್ಟೆ ಸೋಪಿನ ಪುಡಿ ಅಥವಾ ಪಾತ್ರೆ ತೊಳೆಯುವ ಸೋಪು, ಇನ್ನೊಂದರಲ್ಲಿ ಬರೀ ನೀರು. ಬಟ್ಟೆಯನ್ನು ಗಟ್ಟಿಯಾಗಿ ಹಿಂಡಿ ಒರೆಸಿ. ಕಲೆಯ ಹೊರ ಅಂಚಿನಿಂದ ಒಳಕ್ಕೆ ಒರೆಸಿದರೆ ಹರಡುವುದಿಲ್ಲ. ಗೋಡೆಗೆ ನೀರು ಸುರಿಯಬೇಡಿ, ಅದಕ್ಕೆ ಈಗಾಗಲೇ ನೀರು ಜಾಸ್ತಿಯಾಗಿದೆ. ಬಟ್ಟೆ ಕೊಳೆಯಾದ ಹಾಗೆ ಬದಲಿಸಿ. ಕೊನೆಗೆ ಒಣ ಬಟ್ಟೆಯಿಂದ ತೇವ ತೆಗೆದು, ಒರೆಸಿದ ಬಟ್ಟೆಗಳನ್ನೆಲ್ಲ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಎಸೆಯಿರಿ. ನಿಮ್ಮ ಬಟ್ಟೆ ಬಿಸಿನೀರಿಗೆ, ನೀವು ಬಚ್ಚಲಿಗೆ.

ಹಳೇ ಮನೆಯಲ್ಲಿ ಒಂದು ಎಚ್ಚರ. ನಮ್ಮ ದೇಶದಲ್ಲಿ ಮನೆ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ 90 ಪಾಲು) ಮೀರಬಾರದು ಎಂಬ ನಿಯಮ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಅದಕ್ಕಿಂತ ಮೊದಲಿನ ಆಯಿಲ್ ಪೇಂಟ್ ಇರುವ ಕಿಟಕಿ ಬಾಗಿಲುಗಳನ್ನು ಒಣಗಿದ್ದಾಗ ಮರಳು ಕಾಗದದಿಂದ ಉಜ್ಜಬೇಡಿ. ಆ ಧೂಳು ಮಕ್ಕಳಿಗೆ ಬೂಷ್ಟಿಗಿಂತ ಕೆಟ್ಟದ್ದು.

ಬ್ಲೀಚ್ ಹಾಕಬಹುದಾ ಅಂತ ಎಲ್ಲರೂ ಕೇಳುತ್ತಾರೆ. ಬಾವಿಗೆ ಹಾಕಲು ತಂದ ಬ್ಲೀಚಿಂಗ್ ಪೌಡರ್ ಮನೆಯಲ್ಲಿ ಇದ್ದೇ ಇರುತ್ತದಲ್ಲ. ಬಚ್ಚಲಿನ ಟೈಲ್ಸ್‌ಗೆ ಪರವಾಗಿಲ್ಲ. ಗಾರೆ ಗೋಡೆಗೆ, ಮರಕ್ಕೆ ಪ್ರಯೋಜನ ಕಡಿಮೆ. ಕ್ಲೋರಿನ್ ಮೇಲೆಯೇ ಉಳಿದು ನೀರು ಮಾತ್ರ ಒಳಗೆ ಇಳಿಯುತ್ತದೆ. ಕಲೆ ಬೆಳ್ಳಗಾಗಿ ಕೆಲಸ ಮುಗಿಯಿತು ಅನಿಸುತ್ತದೆ, ಅಷ್ಟೇ. ಸತ್ತ ಬೂಷ್ಟೂ ಅಲರ್ಜಿ ತರುತ್ತದೆ, ಹಾಗಾಗಿ ಕೊಲ್ಲುವುದಕ್ಕಿಂತ ಒರೆಸಿ ತೆಗೆಯುವುದೇ ಮುಖ್ಯ. ಬ್ಲೀಚ್ ಜೊತೆ ಟಾಯ್ಲೆಟ್ ಕ್ಲೀನರ್, ವಿನಿಗರ್, ಅಮೋನಿಯಾ ಇರುವ ಯಾವುದನ್ನೂ ಯಾವತ್ತೂ ಸೇರಿಸಬೇಡಿ. ಎದ್ದು ಬರುವುದು ವಿಷದ ಗಾಳಿ.

ಊರಿನ ಉಪಾಯಗಳಲ್ಲಿ ಬೇಡವಾದವು

ಅಡಿಕೆ ತೋಟದ ಮನೆಗಳಲ್ಲಿ ಕೊಳೆ ರೋಗಕ್ಕೆ ಹೊಡೆದು ಉಳಿದ ಬೋರ್ಡೊ ದ್ರಾವಣವೋ (ಮೈಲುತುತ್ತ, ಸುಣ್ಣ ಸೇರಿಸಿದ್ದು), ಬರೀ ಮೈಲುತುತ್ತವೋ ಡಬ್ಬದಲ್ಲಿ ಇರುತ್ತದೆ. ಅಡಿಕೆ ಕೊನೆಗೆ ಬರುವ ಕೊಳೆಯನ್ನೇ ತಡೆಯುತ್ತದೆ, ಗೋಡೆಯ ಬೂಷ್ಟು ಯಾವ ಲೆಕ್ಕ ಅನ್ನುವ ಯೋಚನೆ ಬರುವುದು ಸಹಜ. ದಯವಿಟ್ಟು ಬೇಡ. ಮಕ್ಕಳು ಗೋಡೆ ಮುಟ್ಟುತ್ತಾರೆ, ಅದೇ ಕೈ ಬಾಯಿಗೆ ಹೋಗುತ್ತದೆ. ಮೈಲುತುತ್ತ ಹೊಟ್ಟೆಗೆ ಹೋದರೆ ವಿಷ.

ನುಸಿಗುಳಿಗೆ ವಾಸನೆ ಮರೆಮಾಡುತ್ತದೆ, ಗೋಡೆಯ ಬೂಷ್ಟು ತೆಗೆಯುವುದಿಲ್ಲ. ಹಸುಗೂಸಿನ ಬಟ್ಟೆಯ ನಡುವೆ ಇಡುವ ರೂಢಿಯಂತೂ ಅಪಾಯದ್ದು. ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುವ ಶಿಶುಗಳಲ್ಲಿ ನುಸಿಗುಳಿಗೆಯ ನಾಫ್ತಲೀನ್‌ನಿಂದ ರಕ್ತದ ಕೆಂಪು ಕಣ ಒಡೆದು ಕಾಮಾಲೆ ಜೋರಾಗಬಹುದು. ಕೊರತೆ ಇದೆಯೋ ಇಲ್ಲವೋ ಹೆಚ್ಚಿನವರಿಗೆ ಗೊತ್ತೇ ಇರುವುದಿಲ್ಲ. ಕರ್ಪೂರವನ್ನು ಸಣ್ಣ ಮಕ್ಕಳು ನುಂಗಿದರೆ ಫಿಟ್ಸ್ ಬರಬಹುದು. ಲೋಬಾನ, ಸಾಂಬ್ರಾಣಿ ಹೊಗೆ ಅಜ್ಜಿಯಂದಿರಿಗೆ ಪ್ರೀತಿ. ಆದರೆ ಬೂಷ್ಟಿನಿಂದ ಮೊದಲೇ ಕೆರಳಿದ ಎದೆಗೆ ಹೊಗೆ ಇನ್ನೊಂದು ಪೆಟ್ಟು. ಇದನ್ನು ಅಜ್ಜಿಗೆ ಹೇಳುವುದು ಬೂಷ್ಟು ಒರೆಸುವುದಕ್ಕಿಂತ ಕಷ್ಟ ಅಂತ ಗೊತ್ತು. ಕೋಣೆ ಬೆಚ್ಚಗಾಗಲಿ ಅಂತ ಕೆಂಡದ ಬಾಣಲೆ ಒಳಗಿಟ್ಟು ಬಾಗಿಲು ಮುಚ್ಚುವುದು ಎಲ್ಲಕ್ಕಿಂತ ಕೆಟ್ಟದ್ದು. ಇಂಗಾಲದ ಮೊನಾಕ್ಸೈಡ್‌ಗೆ ವಾಸನೆ ಇಲ್ಲ, ಮಲಗಿದವರು ಏಳದೆಯೇ ಹೋಗಬಹುದು.

ಯಾವುದನ್ನು ಇಟ್ಟುಕೊಳ್ಳಬೇಕು

ಒರೆಸಿದರೆ ಸ್ವಚ್ಛವಾಗುವ ವಸ್ತು ಇರಲಿ. ಪ್ಲಾಸ್ಟಿಕ್ ಆಟಿಕೆ, ಸ್ಟೀಲು, ಗಾಜು, ಹಲಸು ಸಾಗುವಾನಿಯ ಗಟ್ಟಿ ಮರದ ಮಂಚ, ಇವೆಲ್ಲ ಸೋಪು ನೀರಿಗೆ ಸರಿಹೋಗುತ್ತವೆ. ಹತ್ತಿ ಹಾಸಿಗೆಯ ಒಳಗೆ ಬೂಷ್ಟು ಇಳಿದಿದ್ದರೆ ಬಿಸಿಲಿಗೆ ಹಾಕಿದರೂ ಅದು ಒಳಗೇ ಇರುತ್ತದೆ. ಹಾಸಿಗೆ ಎಸೆಯಿರಿ. ಮೇಲಿನ ಕವರಿಗೆ ಮಾತ್ರ ತಾಗಿದ್ದರೆ ಕವರ್ ಬಿಸಿನೀರಲ್ಲಿ ತೊಳೆದರಾಯಿತು. ಉಬ್ಬಿದ ಪಾರ್ಟಿಕಲ್ ಬೋರ್ಡಿನ ಸ್ಟಡಿ ಟೇಬಲ್ಲಿಗೂ ಬಾಳಿಕೆ ಇಲ್ಲ.

ಬಟ್ಟೆಯ ಗೊಂಬೆಗಳದೇ ದೊಡ್ಡ ರಗಳೆ. 60 ಡಿಗ್ರಿಯ ನೀರಿನಲ್ಲಿ ತೊಳೆದು, ಒಳಗಿನ ಹತ್ತಿಯವರೆಗೆ ಒಣಗಿಸಲು ಸಾಧ್ಯವಿದ್ದರೆ ಉಳಿಸಿ. ಜುಲೈ ತಿಂಗಳಲ್ಲಿ ಅದು ಸಾಧ್ಯವಾ ಅಂತ ನೀವೇ ನೋಡಿ. ಹೊರಗೆ ಒಣಗಿದ ಹಾಗೆ ಕಂಡು ಒಳಗೆ ಹಸಿ ಉಳಿದರೆ ಮೊದಲಿಗಿಂತ ಜಾಸ್ತಿಯಾಗುತ್ತದೆ. ಮಗು ಬಿಟ್ಟುಕೊಡದ ಒಂದು ಗೊಂಬೆ ಇದ್ದರೆ ಅದಕ್ಕಷ್ಟೇ ಈ ಕಷ್ಟ ಪಡಿ.

ಒಣಗಿಸುವುದು

ಒದ್ದೆಯಾದದ್ದು 24ರಿಂದ 48 ತಾಸಿನೊಳಗೆ ಒಣಗದಿದ್ದರೆ ಬೂಷ್ಟು ಚಿಗುರಲು ಶುರು. ಹಾಗಾಗಿ ಒರೆಸಿದ ದಿನವೇ ಒಣಗಿಸುವ ಕೆಲಸವೂ ನಡೆಯಬೇಕು. ಫ್ಯಾನ್ ಈಗ ಹಾಕಿ. ಟೇಬಲ್ ಫ್ಯಾನ್ ಇದ್ದರೆ ಗೋಡೆಗೆ ಮುಖ ಮಾಡಿ ಇಡಿ.

‘ಕಿಟಕಿ ತೆರೆದಿಡಿ’ ಅನ್ನುವ ಸಲಹೆ ನಮ್ಮ ಕರಾವಳಿಗೆ ಅರ್ಧ ಮಾತ್ರ ನಿಜ. ಜಡಿಮಳೆ ಸುರಿಯುವಾಗ ಹೊರಗಿನ ಗಾಳಿಯೇ ನೀರು. ಮಳೆ ಹೊಳವಾದಾಗ, ಒಂದಿಷ್ಟು ಬಿಸಿಲು ಬಂದಾಗ ಎದುರು ಬದುರು ಕಿಟಕಿ ತೆರೆದು ಗಾಳಿ ಆಡಿಸಿ. ಮತ್ತೆ ಮೋಡ ಕಟ್ಟಿದಾಗ ಮುಚ್ಚಿ. ಕೆಲವು ನೂರು ರೂಪಾಯಿಗೆ ತೇವಾಂಶ ಅಳೆಯುವ ಪುಟ್ಟ ಮೀಟರ್ ಸಿಗುತ್ತದೆ. ಕೋಣೆಯೊಳಗೆ ಶೇಕಡಾ 60ರ ಕೆಳಗೆ ಇರಬೇಕು ಅನ್ನುವುದು ಗುರಿ. ಮಳೆಗಾಲದ ಕಾರವಾರದಲ್ಲಿ ಬರೀ ಫ್ಯಾನಿನಿಂದ ಅಲ್ಲಿಗೆ ತಲುಪುವುದು ಕಷ್ಟ. ಏಸಿ ಇದ್ದರೆ ಕಿಟಕಿ ಮುಚ್ಚಿ ಡ್ರೈ ಮೋಡ್‌ನಲ್ಲಿ ಓಡಿಸಿ. ಮಗುವಿಗೆ ಅಸ್ತಮಾ ಇದ್ದರೆ ಗಾಳಿಯ ತೇವ ತೆಗೆಯುವ ಯಂತ್ರ, ಡಿಹ್ಯುಮಿಡಿಫೈಯರ್, ಕೊಳ್ಳುವುದು ದಂಡದ ಖರ್ಚಲ್ಲ. ಬೀರುವಿನಲ್ಲಿಡುವ, ತೇವ ಹೀರಿ ನೀರು ಕಟ್ಟುವ ಡಬ್ಬಿಗಳಲ್ಲಿ ಕ್ಯಾಲ್ಸಿಯಂ ಕ್ಲೋರೈಡ್ ಇರುತ್ತದೆ. ಬೀಗ ಹಾಕಿದ ಬೀರುವಿಗೆ ಸರಿ, ಮಗುವಿನ ಕೈಗೆ ಸಿಗುವಲ್ಲಿ ಬೇಡ. ಆ ನೀರು ಬಾಯಿ, ಕಣ್ಣು ಉರಿಸುತ್ತದೆ.

ಬಟ್ಟೆಯ ಹಗ್ಗವನ್ನು ಜಗಲಿಗೋ, ಬಚ್ಚಲ ಒಲೆಯ ಬಳಿಗೋ ಸಾಗಿಸಿ. ಮಂಚ, ಬೀರು ಗೋಡೆಯಿಂದ ಕನಿಷ್ಠ ನಾಲ್ಕು ಇಂಚು ದೂರ ಇರಲಿ. ಹೊರಗೆ ಪಶ್ಚಿಮದ ಗೋಡೆಗೆ ಅಡಿಕೆ ಸೋಗೆಯದ್ದೋ ತೆಂಗಿನ ಮಡಲಿನದ್ದೋ ತಟ್ಟಿ ಕಟ್ಟುವ ಹಳೇ ಪದ್ಧತಿ ಇದೆಯಲ್ಲ, ಅದು ಈಗಲೂ ಅಗ್ಗದ, ಗಟ್ಟಿ ಉಪಾಯ. ಸೋಗೆ ಸಿಗದ ಪೇಟೆಯಲ್ಲಿ ತಗಡಿನ ಶೀಟು.

ಡಾಕ್ಟರ್ ಹತ್ತಿರ ಯಾವಾಗ

ರಾತ್ರಿ ಕೆಮ್ಮು ವಾರಗಟ್ಟಲೆ ನಿಲ್ಲದಿದ್ದರೆ, ಉಸಿರಿನಲ್ಲಿ ಸಿಳ್ಳೆ ಕೇಳಿದರೆ, ಅಜ್ಜಿ ಮನೆಗೆ ಹೋದಾಗ ಕಡಿಮೆಯಾಗಿ ವಾಪಸ್ ಬಂದ ಮೇಲೆ ಮತ್ತೆ ಶುರುವಾದರೆ ಮಕ್ಕಳ ಡಾಕ್ಟರಿಗೆ ತೋರಿಸಿ. ಕೋಣೆಯಲ್ಲಿ ಬೂಷ್ಟು ಇತ್ತು ಅಂತ ಬಾಯಿಬಿಟ್ಟು ಹೇಳಿ, ಅವರು ಕೇಳಲಿ ಅಂತ ಕಾಯಬೇಡಿ. ಉಸಿರೆಳೆಯುವಾಗ ಪಕ್ಕೆ ಒಳಗೆ ಸೆಳೆಯುತ್ತಿದ್ದರೆ, ಮಾತಾಡಲು ಆಗದಿದ್ದರೆ, ತುಟಿ ನೀಲಿಯಾದರೆ ಆ ಕ್ಷಣವೇ 108. ಬೆಳಗಾಗಲಿ ಅನ್ನಬೇಡಿ. ದೊಡ್ಡ ಆಸ್ಪತ್ರೆಗೆ ಮಣಿಪಾಲ, ಹುಬ್ಬಳ್ಳಿ, ಗೋವಾ ಅಂತ ಓಡುವ ಜಿಲ್ಲೆ ನಮ್ಮದು. ಮಳೆಗಾಲದಲ್ಲಿ ಕುಮಟಾ, ಶಿರಸಿ ನಡುವಿನ ದೇವಿಮನೆ ಘಟ್ಟದಲ್ಲಿ ಮಣ್ಣು ಜರಿದರೆ ಘಟ್ಟದ ಆ ದಾರಿಯೂ ಇಲ್ಲ.

ಚೌತಿಗೆ ಬಣ್ಣ ಬೇಡ, ದೀಪಾವಳಿ ಕಳೆಯಲಿ

ಕರಾವಳಿಯಲ್ಲಿ ಚೌತಿಗೆ ಮನೆ ಹೊಸದಾಗಬೇಕು. ಗಣಪತಿ ಬರುವ ವಾರದಲ್ಲಿ ಅಂಗಡಿಗಳಲ್ಲಿ ಬಣ್ಣದ ಡಬ್ಬಿಗೆ ಸಾಲು. ಆದರೆ ಆಗಸ್ಟ್, ಸೆಪ್ಟೆಂಬರಿನಲ್ಲಿ ಗೋಡೆ ಇನ್ನೂ ನೀರು ಕುಡಿದೇ ನಿಂತಿರುತ್ತದೆ. ಅದರ ಮೇಲೆ ಬಳಿದ ಪ್ಲಾಸ್ಟಿಕ್ ಪೇಂಟ್ ನೀರನ್ನು ಒಳಗೇ ಕೂಡಿ ಹಾಕುತ್ತದೆ. ಬಣ್ಣದ ಹಿಂದೆ ಬೂಷ್ಟು ಹಬ್ಬುತ್ತದೆ, ಮುಂದಿನ ವರ್ಷ ಹಾಳೆ ಹಾಳೆಯಾಗಿ ಏಳುತ್ತದೆ. ‘ಆಂಟಿ ಫಂಗಲ್’ ಅಂತ ಡಬ್ಬಿ ಮೇಲೆ ಬರೆದಿದ್ದರೂ ಅಷ್ಟೇ. ದೇವರಿಡುವ ಕೋಣೆಗೆ ಬೇಕಿದ್ದರೆ ಬಳಿಯಿರಿ, ಮಕ್ಕಳ ಕೋಣೆಯನ್ನು ಈ ಸಲ ಬಿಡಿ.

ನವೆಂಬರ್ ನಂತರ ಹೊರಗಿನಿಂದ ಶುರುಮಾಡಿ. ತಾರಸಿಯ ಬಿರುಕು, ಹಂಚು, ಪೈಪು. ಆಮೇಲೆ ಕಿಟಕಿಯ ಸಜ್ಜಾ, ಹೊರಗೋಡೆಯ ಗಾರೆ, ಅದರ ಮೇಲೆ ಮಳೆ ತಡೆಯುವ ಬಣ್ಣ. ಗೋಡೆ ಬುಡದ ಮಣ್ಣು ತಗ್ಗಿಸಿ ಗಟಾರಕ್ಕೆ ಇಳಿಜಾರು ಕೊಡಿ. ಒಳಗೆ ಪುಡಿಯಾದ ಗಾರೆಯನ್ನು ಕೆತ್ತಿ ತೆಗೆದು, ತಿಂಗಳುಗಟ್ಟಲೆ ಹಾಗೇ ಒಣಗಲು ಬಿಡಿ. ನೋಡಲು ಚೆನ್ನಾಗಿರುವುದಿಲ್ಲ, ಬಂದವರು ಕೇಳುತ್ತಾರೆ, ಕೇಳಲಿ. ಬಾಡಿಗೆ ಮನೆಯಾದರೆ ಕಲೆಗಳ ಫೋಟೋ ಮಳೆಗಾಲದಲ್ಲೇ ತೆಗೆದಿಡಿ. ಡಿಸೆಂಬರಿನ ಒಣಗಿದ ಗೋಡೆ ತೋರಿಸಿದರೆ ಮಾಲೀಕರು ನಂಬುವುದಿಲ್ಲ.

ಹಳೇ ಚಿರೆಕಲ್ಲಿನ ಮನೆಯ ಒಳಗೋಡೆಗೆ ನನ್ನ ಆಯ್ಕೆ ಸುಣ್ಣವೇ. ಕ್ಷಾರ ಜಾಸ್ತಿ ಇರುವುದರಿಂದ ಬೂಷ್ಟು ಬೇಗ ಹಿಡಿಯುವುದಿಲ್ಲ, ಗೋಡೆಯ ತೇವ ಹೊರಗೆ ಹೋಗಲೂ ಬಿಡುತ್ತದೆ. ಸುಣ್ಣ ಬೇಯಿಸುವಾಗ ಮಕ್ಕಳು ಹತ್ತಿರ ಬೇಡ, ಕಣ್ಣಿಗೆ ಹಾರಿದರೆ ಸುಡುತ್ತದೆ. ಬಳಿಯುವ ಮೊದಲು ಅದೇ ಪ್ಲಾಸ್ಟಿಕ್ ಹಾಳೆಯ ಪರೀಕ್ಷೆ ಇನ್ನೊಮ್ಮೆ ಮಾಡಿ. ಎರಡು ದಿನ ಬಿಟ್ಟು ಹಾಳೆಯ ಹಿಂದೆ ಹನಿ ಇಲ್ಲದಿದ್ದರೆ ಸುಣ್ಣದವರನ್ನು ಕರೆಯಿರಿ. ಹನಿ ಇದ್ದರೆ ಇನ್ನೊಂದು ತಿಂಗಳು ಕಾಯಿರಿ. ಬೀರು ಮಾತ್ರ ಆ ಗೋಡೆಗೆ ವಾಪಸ್ ಹೋಗುವುದು ಬೇಡ, ಮನೆಯ ಒಳಗಿನ ಗೋಡೆಯ ಪಕ್ಕ ಜಾಗ ಮಾಡಿ.